ಹಸಿರು ಫಂಡಿನ ಮಾಲಕರು

ಭೀಮರಾಯರು ಹುಟ್ಟಿದಾಗಿನಿಂದ ಯಾವುದಕ್ಕೂ ಮಾಲಕರಾದವರಲ್ಲ. ವಿಜಯಪುರದ ಕಡೆ ಇದ್ದ ತುಂಡು ಜಮೀನು ಅಣ್ಣಂದಿರ ಪಾಲಾಗಿತ್ತು. ಮುಂಬಯಿಯ ಭಾಂಡುಪಿನ ಎರಡು ಕೋಣೆಯ ಮನೆ ಹೆಂಡತಿ ಶೈಲಾಳ ಹೆಸರಿನಲ್ಲಿತ್ತು. ಟೀವಿಯ ರಿಮೋಟು ಮಗಳು ರೂಪಾಲಿಯ ಕೈಯಲ್ಲಿತ್ತು. ಮಳೆಗಾಲದಲ್ಲಿ ಹಿಡಿಯುವ ಛತ್ರಿಯ ಮೇಲೆ ಕೂಡ ಅವರು ಗುಮಾಸ್ತರಾಗಿ ದುಡಿಯುತ್ತಿದ್ದ ಗ್ರಾಂಟ್ ರೋಡಿನ ವಾಯರ್ ಅಂಗಡಿಯ ಹೆಸರು ಅಚ್ಚಾಗಿತ್ತು. ಬೆಳಗಿನ ಲೋಕಲ್ ರೈಲಿನಲ್ಲಿ ಮೂವರು ಕೂರುವ ಬೆಂಚಿನ ತುದಿಗೆ ನಾಲ್ಕನೆಯವರಾಗಿ ಅರ್ಧ ಕೂತು ಅರ್ಧ ನಿಲ್ಲುವ ಜಾಗವೇ ಅವರ ಸ್ಥಿರಾಸ್ತಿ. ಇಂಥವರಿಗೆ ಯಾರಾದರೂ "ನೀವು ಮಾಲಕರು" ಎಂದರೆ ಏನಾಗಬೇಕೋ ಅದೇ ಆಯಿತು.

ಹಾಗೆ ಅಂದವನು ಸೃಜನ್, ಉಡುಪಿ ಕಡೆಯ ಹುಡುಗ. ಗ್ರಾಂಟ್ ರೋಡಿನಲ್ಲಿ ಅವನ ಮಾವನ ಹೋಟೆಲಿತ್ತು. ಭೀಮರಾಯರ ಮಧ್ಯಾಹ್ನದ ಊಟ ಅಲ್ಲಿಯೇ. ಕೈ ತೊಳೆಯುವ ಬೇಸಿನ್ನಿನ ಪಕ್ಕದ ಟೇಬಲ್ಲನ್ನೇ ಆಫೀಸು ಮಾಡಿಕೊಂಡು ಸೃಜನ್ ಮ್ಯೂಚುವಲ್ ಫಂಡ್ ಮಾರುತ್ತಿದ್ದ. ಊಟ ಮಾಡಿದವರು ಕೈ ತೊಳೆಯಲು ಬರಲೇಬೇಕು, ತೊಳೆದ ಕೈ ಆರುವವರೆಗೆ ನಿಲ್ಲಲೇಬೇಕು. ಅಷ್ಟರಲ್ಲಿ ಅವನು ಒಂದು ಫಂಡಿನ ಮಹಿಮೆ ಹೇಳಿ ಮುಗಿಸಿರುತ್ತಿದ್ದ.

ದೀಪಾವಳಿಯ ಬೋನಸ್ಸು ಬಂದ ದಿನ ಭೀಮರಾಯರು ತಾವಾಗಿಯೇ ಹೋಗಿ ಅವನೆದುರು ಕೂತರು. ಸೃಜನ್ ಮೂರು ಬಣ್ಣಬಣ್ಣದ ಕರಪತ್ರ ಹರಡಿದ. ಒಂದರ ಮೇಲೆ ಕೊಂಬು ತಗ್ಗಿಸಿದ ಗೂಳಿ. ಇನ್ನೊಂದರ ಮೇಲೆ ಸಮುದ್ರದ ದಂಡೆಯಲ್ಲಿ ಕಾರಣವಿಲ್ಲದೆ ನಗುತ್ತಿರುವ ಮುದುಕ ಮುದುಕಿ. ಮೂರನೆಯದರ ಮೇಲೆ ಒಂದು ಎಲೆ, ಎಲೆಯ ಮೇಲೆ ಇಬ್ಬನಿ, ಹಿಂದೆ ಒಂದು ಜಿಂಕೆ.

"ಗೂಳಿ ಬ್ಯಾಡಪಾ, ಹಾಯತೈತಿ," ಎಂದರು ಭೀಮರಾಯರು. "ಈ ಜಿಂಕಿ ಏನು?"

"ಇದು ಹರಿತ್ ವಸುಂಧರಾ ಫಂಡ್ ಸಾರ್. ನಿಮ್ಮ ಹಣ ಬರೀ ಒಳ್ಳೆ ಕಂಪನಿಗಳಿಗೆ ಹೋಗ್ತದೆ. ಹೊಗೆ ಬಿಡುವವರಿಗಿಲ್ಲ, ನೀರು ಹಾಳು ಮಾಡುವವರಿಗಿಲ್ಲ. ದುಡ್ಡೂ ಬೆಳೀತದೆ, ಭೂಮಿಯೂ ಉಳೀತದೆ. ಒಂದೇ ಸಹಿಗೆ ಎರಡು ಪುಣ್ಯ ಮಾರಾಯ್ರೆ!"

"ಯಾವ ಯಾವ ಕಂಪನಿ?"

"ತುಂಬ ಉಂಟು. ಎಲ್ಲ ಹಸಿರೇ."

"ಮತ್ತ, ರೊಕ್ಕ ಹಾಕಿದ ಮ್ಯಾಲ ನಾ ಏನಾಗತೀನಿ?"

"ಆ ಕಂಪನಿಗಳಿಗೆಲ್ಲ ನೀವು ಸಣ್ಣ ಮಾಲಕರು ಸಾರ್."

"ಸಣ್ಣ" ಎಂಬ ಶಬ್ದ ಭೀಮರಾಯರ ಕಿವಿಯ ಬಾಗಿಲ ತನಕ ಬಂತು, ಒಳಗೆ "ಮಾಲಕರು" ಆಗಲೇ ಕಾಲು ಚಾಚಿ ಮಲಗಿದ್ದರಿಂದ ಜಾಗವಿಲ್ಲದೆ ಹಿಂತಿರುಗಿತು. ಅವರು ಸಹಿ ಹಾಕಿದರು. ಫಂಡಿನ ಕಡೆಯಿಂದ ಕಾಣಿಕೆಯಾಗಿ ಒಂದು ಹಸಿರು ಟೋಪಿ ಸಿಕ್ಕಿತು. ಅದರ ಮೇಲೆ ಎಲೆಯ ಚಿತ್ರ, ಫಂಡಿನ ಹೆಸರು, ಕೆಳಗೆ ಹಿಂದಿಯಲ್ಲಿ "ವಸುಂಧರೆಯ ಪಾಲುದಾರ."

ಆ ಸಂಜೆ ಮನೆಯ ಬಾಗಿಲು ತೆರೆದ ಶೈಲಾ ಮೊದಲು ನೋಡಿದ್ದು ಟೋಪಿಯನ್ನು.

"ಇದೇನ್ರೀ ತಲಿ ಮ್ಯಾಲ?"

"ನಾ ಮಾಲಕ ಆಗೀನಿ."

"ಯಾವುದಕ್ಕ?"

"ಭೂಮಿಗೆ."

"ಎಷ್ಟು ಗುಂಟೆ?" ಶೈಲಾಳ ಕಣ್ಣು ಅರಳಿದವು.

ಭೀಮರಾಯರು ಗಂಭೀರವಾಗಿ ವಿವರಿಸಿದರು. ಒಳಕೋಣೆಯಿಂದ ರೂಪಾಲಿ ಇಣುಕಿದಳು. ಅವಳು ಹುಟ್ಟಿ ಬೆಳೆದದ್ದು ಭಾಂಡುಪಿನಲ್ಲಿ. ಅವಳ ಕನ್ನಡ ಮೂರು ಸ್ಟೇಷನ್ ಓಡಿ ಒಂದು ಕಡೆ ನಿಲ್ಲುವ ಲೋಕಲಿನಂತೆ.

"ಪಪ್ಪಾ, ಇದು ಮ್ಯೂಚುವಲ್ ಫಂಡ್ ಇದೆ ಬಸ್. ಒಳಗೆ ಯಾವ ಕಂಪನಿ ಇದಾವೆ, ನೀವು ಚೆಕ್ ಕಿಯಾ ಕ್ಯಾ?"

"ಎಲ್ಲ ಹಸಿರವ್ವಾ," ಎಂದರು ಅಪ್ಪ. "ಟೋಪಿ ನೋಡು ಬೇಕಾದ್ರ."

ಸುದ್ದಿ ಮೆಟ್ಟಿಲಿಳಿಯಿತು. ಶೈಲಾ ಗ್ರೌಂಡ್ ಫ್ಲೋರಿನ ದಾನವ್ವನಿಗೆ "ನಮ್ಮವರು ಕಂಪನಿ ಪಾಲುದಾರ ಆಗ್ಯಾರ" ಎಂದಳು. ದಾನವ್ವ ಬೆಳಗಾವಿ ಕಡೆಯ ಮುದುಕಿ, ಕಿವಿ ಸ್ವಲ್ಪ ಮಂದ, ನಾಲಿಗೆ ಮಾತ್ರ ಭರ್ಜರಿ. ಅವಳ ಬಾಯಿಂದ ಹೊರಟ ಸುದ್ದಿ ನಾಲ್ಕನೆಯ ಮಹಡಿ ಮುಟ್ಟುವಾಗ, ಭೀಮರಾಯರು ಸರಕಾರದ ಪರಿಸರ ಖಾತೆಯಲ್ಲಿ ಭಾರೀ ಸಾಹೇಬರಾಗಿದ್ದರು. ಯಾರೋ ಲಿಫ್ಟಿನಲ್ಲಿ "ಸಾಹೇಬ" ಎಂದು ನಮಸ್ಕಾರ ಮಾಡಿದರು. ಭೀಮರಾಯರು ಇದನ್ನು ತಿದ್ದಬಹುದಿತ್ತು. ಆದರೆ ಲಿಫ್ಟು ಬೇಗ ಮೇಲೆ ಬಂದುಬಿಟ್ಟಿತು. ಅದಕ್ಕೆ ಅವರೇನು ಮಾಡಿಯಾರು?

ಹುದ್ದೆ ಬಂದ ಮೇಲೆ ಕರ್ತವ್ಯ ಬಿಡುತ್ತದೆಯೇ? ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಈರಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಕೊತ್ತಂಬರಿ ತರುವಾಗ ಭೀಮರಾಯರು ಗೇಟಿನಲ್ಲಿಯೇ ತಡೆದರು.

"ಈರಣ್ಣಾ, ನನ್ನ ಭೂಮಿ ಮ್ಯಾಲ ಪ್ಲಾಸ್ಟಿಕ್ ತರತೀಯಲ್ಲ!"

"ಅರೆ ಭೀಮರಾವ್, ನಿಮ್ಮ ಭೂಮಿ ಮ್ಯಾಲ ಕಾಲಿಟ್ಟು ನಡಿಯಾಕ ಪರ್ಮಿಶನ್ ಐತೋ, ಹಾರಿಕೋತ ಹೋಗಬೇಕೋ?" ಎಂದು ಈರಣ್ಣ ಕೈ ಮುಗಿದ. ಕೊತ್ತಂಬರಿಯನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಮೇಲೆ ಹೋದ. ವಿದ್ಯುತ್ ಉಳಿಸಲೆಂದು ಭೀಮರಾಯರು ಮೆಟ್ಟಿಲಿನ ದೀಪ ಆರಿಸಿದರು. ಹಾಲು ತರುತ್ತಿದ್ದ ದಾನವ್ವ ಕತ್ತಲಲ್ಲಿ ಮೊದಲ ಮೆಟ್ಟಿಲಿಗೇ ಎಡವಿ, ಹಾಲನ್ನೂ ಭೀಮರಾಯರ ವಂಶದ ಮೇಲಿನ ಬೈಗುಳನ್ನೂ ಒಟ್ಟಿಗೆ ಚೆಲ್ಲಿದಳು.

ಆದರೂ ಅವರನ್ನು ಯಾರೂ ಬಿಟ್ಟುಕೊಡಲಿಲ್ಲ. ಅದಕ್ಕೆ ಕಾರಣ ನಾಲಾ.

ಬಿಲ್ಡಿಂಗಿನ ಹೆಸರು ನಿರ್ಮಲ ದರ್ಶನ. ಅದರ ಹಿಂದಿನ ಕಿಟಕಿಗಳಿಂದ ದರ್ಶನವಾಗುತ್ತಿದ್ದದ್ದು ಕೊಳಚೆ ನೀರಿನ ಒಂದು ನಾಲಾ, ಅದರಾಚೆ ರಂಗವರ್ಧನ್ ಎಂಬ ಬಟ್ಟೆ ಬಣ್ಣದ ಫ್ಯಾಕ್ಟರಿ. ಒಳಗೆ ಇಂದು ಯಾವ ಬಣ್ಣ ತಯಾರಾಗುತ್ತಿದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ನಾಲಾ ಒಮ್ಮೆ ಗುಲಾಬಿ, ಒಮ್ಮೆ ನೀಲಿ, ಹಬ್ಬದ ಹಂಗಾಮಿನಲ್ಲಿ ಅಚ್ಚ ಕೇಸರಿ. ಬಿಲ್ಡಿಂಗಿನ ಬಿಳಿ ನಾಯಿ ಒಮ್ಮೆ ಅದನ್ನು ದಾಟಿ ನೇರಳೆಯಾಗಿ ಮರಳಿತ್ತು. ಬೀದಿಯ ಉಳಿದ ನಾಯಿಗಳು ಅದರ ಜೊತೆ ಸಂಬಂಧ ಕಡಿದುಕೊಂಡಿದ್ದವು. ಒಣಹಾಕಿದ ಬನಿಯನ್ನುಗಳ ಮೇಲೆ ಚುಕ್ಕೆ ಬೀಳುತ್ತಿದ್ದವು. ಅದೆಲ್ಲ ನಗುವ ಮಾತು. ಆದರೆ ಆ ವಾಸನೆಗೆ ದಾನವ್ವನ ಕೆಮ್ಮು ಒಮ್ಮೆ ಹತ್ತಿದರೆ ಇಳಿಯುತ್ತಿರಲಿಲ್ಲ, ಬಿಲ್ಡಿಂಗಿನ ಕೂಸುಗಳ ಕೈಕಾಲಿನ ಮೇಲೆ ತುರಿಸುವ ಗಂಧೆ ಏಳುತ್ತಿದ್ದವು. ಈರಣ್ಣ ದೂರು ಕೊಟ್ಟು ಕೊಟ್ಟು ಸೋತಿದ್ದ. ಫ್ಯಾಕ್ಟರಿಯ ಗೇಟು ಯಾರಿಗೂ ತೆರೆದಿರಲಿಲ್ಲ.

ಆ ವಾರ ವಾಸನೆ ತಡೆಯಲಾರದಷ್ಟಾಯಿತು. ಟೆರೇಸಿನ ಮೇಲೆ ಸಭೆ ಕೂಡಿತು. ಫ್ಯಾಕ್ಟರಿಗೆ ಮೋರ್ಚಾ ಒಯ್ಯಬೇಕೆಂದು ಎಲ್ಲರೂ ಕೂಗಿದರು. ಮುಂದೆ ನಡೆಯುವವರು ಯಾರು ಎಂದಾಗ ಎಲ್ಲರೂ ಚಪ್ಪಲಿ ನೋಡಿಕೊಂಡರು.

"ಮುಂದ ಯಾರಂತ ಏನು ಕೇಳತೀರಿ?" ಎಂದಳು ದಾನವ್ವ. "ಭೂಮಿ ಮಾಲಕ ಅಂತ ನನ್ನ ಹಾಲು ಚೆಲ್ಲಿಸ್ಯಾನಲ್ಲ, ಅವನ ನಡೀಲಿ!"

ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ಒಲ್ಲೆ ಎನ್ನುವ ಧೈರ್ಯ ಭೀಮರಾಯರ ಮನೆತನದಲ್ಲಿಯೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಮೋರ್ಚಾ ಹೊರಟಿತು. ಮುಂದೆ ಹಸಿರು ಟೋಪಿಯ ಭೀಮರಾಯರು, ಹಿಂದೆ ಈರಣ್ಣ, ಅವನ ಹಿಂದೆ ಲಟ್ಟಣಿಗೆ ಹಿಡಿದ ಹೆಂಗಸರು, ಎಲ್ಲರಿಗಿಂತ ಹಿಂದೆ ಕೋಲೂರಿಕೊಂಡು ದಾನವ್ವ. "ನಾಲಾ ಸಾಫ್ ಕರೋ!" ಎಂದು ಘೋಷಣೆ.

ಈಗ ಫ್ಯಾಕ್ಟರಿಯ ಒಳಗಿನ ವಿಷಯವನ್ನೂ ಹೇಳಿಬಿಡಬೇಕು. ಅಂದು ಅಲ್ಲಿ "ಹಸಿರು ದಿನ." ಮುಂಬಯಿಯ ಯಾವುದೋ ದೊಡ್ಡ ಫಂಡಿನ ಸಾಹೇಬರು ಫ್ಯಾಕ್ಟರಿ ನೋಡಲು ಬರುವವರಿದ್ದರು. ಬರುವವರು ಗಂಡಸೋ ಹೆಂಗಸೋ ಎಂದು ಮ್ಯಾನೇಜರಿಗೇ ಗೊತ್ತಿರಲಿಲ್ಲ, ವಾಚ್‌ಮನ್ನನಿಗೆ ಯಾರು ಹೇಳಬೇಕು? "ಹರಿತ್ ವಸುಂಧರಾ ಎಂಬ ಹೆಸರು ಕಂಡರೆ ಸಲಾಂ ಹೊಡೆದು ಒಳಗೆ ಬಿಡು, ಉಳಿದವರನ್ನು ಹೊರಗಿಡು," ಇಷ್ಟೇ ಅವನಿಗೆ ಸಿಕ್ಕಿದ್ದ ಆಜ್ಞೆ.

ಭೀಮರಾಯರು ಗೇಟಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ರಾತ್ರಿಯೆಲ್ಲ ಬಾಯಿಪಾಠ ಮಾಡಿದ ಹಿಂದಿ ಭಾಷಣದ ಮೊದಲ ಶಬ್ದಕ್ಕಾಗಿ ತಡಕಾಡುತ್ತಿದ್ದರು. ವಾಚ್‌ಮನ್ ಅವರ ಟೋಪಿಯನ್ನು ಅಕ್ಷರ ಅಕ್ಷರವಾಗಿ ಓದಿದ. ಹಿಮ್ಮಡಿ ಜೋಡಿಸಿ ಸಲಾಂ ಹೊಡೆದ. ಗೇಟಿನ ಚಿಕ್ಕ ಬಾಗಿಲು ತೆರೆದು ಭೀಮರಾಯರನ್ನು ಒಳಗೆ ಎಳೆದುಕೊಂಡ. ಈರಣ್ಣ ಕಾಲಿಡುವಷ್ಟರಲ್ಲಿ ಬಾಗಿಲು ಮುಚ್ಚಿದ.

"ಏ ಭೀಮರಾವ್! ನಾವು?" ಎಂದು ಈರಣ್ಣ ಸರಳಿನಾಚೆ ಕೂಗಿದ.

"ನಾ ಮಾತಾಡಿ ಬರತೀನಿ," ಎಂದರು ಭೀಮರಾಯರು. ಅವರಿಗೂ ಏನೂ ತಿಳಿದಿರಲಿಲ್ಲ. ಆದರೆ ಜೀವನದಲ್ಲಿ ಮೊದಲ ಸಲ ಯಾರೋ ತಮ್ಮೊಬ್ಬರಿಗಾಗಿ ಬಾಗಿಲು ತೆರೆದಿದ್ದರು.

ಮ್ಯಾನೇಜರು ಓಡಿ ಬಂದರು. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು, ಹಣೆಗೆ ಕುಂಕುಮ ಹಚ್ಚಿದರು. ಹೊರಗೆ ಮೋರ್ಚಾದಲ್ಲಿ ಹಾಹಾಕಾರವೆದ್ದಿತು.

"ಶಾಲು ಹೊದ್ದ! ಮಾರಿಕೊಂಡ!" ಎಂದು ದಾನವ್ವ ಎದೆ ಬಡಿದುಕೊಂಡಳು. "ಒಂದು ತೆಂಗಿನಕಾಯಿಗೆ ನಮ್ಮನ್ನ ಮಾರಿಕೊಂಡ!" ಶೈಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅದರ ನಡುವೆಯೂ ಸೆರಗನ್ನು ಒಂದು ಬೆರಳಷ್ಟು ಸರಿಸಿ, ಶಾಲು ರೇಷ್ಮೆಯದೋ ಹತ್ತಿಯದೋ ನೋಡಿಕೊಂಡಳು.

ಒಳಗೆ ದರ್ಶನ ಶುರುವಾಯಿತು. ಮ್ಯಾನೇಜರು ಅಚ್ಚ ಹಿಂದಿಯಲ್ಲಿ ಒಂದೊಂದಾಗಿ ತೋರಿಸಿದರು. "ಇದು ನಮ್ಮ ಹಸಿರು ಗೋಡೆ ಸರ್." ಭೀಮರಾಯರು ಮೆಚ್ಚಿ ತಟ್ಟಿದರು, ಬಣ್ಣ ಹಸಿಯಿತ್ತು, ಅಂಗೈ ಅಂಟಿಕೊಂಡು ಬಂತು. "ಇದು ನಮ್ಮ ಕಾಡು." ಕಾಡೆಂದರೆ ಸಾಲಾಗಿ ಇಟ್ಟ ಕುಂಡಗಳು. ಒಂದೊಂದರ ಮೇಲೂ "ಮಂಗಲ್ ಡೆಕೊರೇಟರ್ಸ್, ಮದುವೆ ಮುಂಜಿಗೆ ಸಂಪರ್ಕಿಸಿ" ಎಂದು ಚೀಟಿ ಅಂಟಿತ್ತು. ಭೀಮರಾಯರಿಗೆ ಕಾಡಿಗೂ ಮದುವೆಗೂ ಏನು ಸಂಬಂಧವೆಂದು ತಿಳಿಯಲಿಲ್ಲ. ಮಾಲಕರು ಎಲ್ಲವನ್ನೂ ಕೇಳಬಾರದೆಂದು ಮುಂದೆ ನಡೆದರು. ಫ್ಯಾಕ್ಟರಿಯವರೇ ಕರೆಸಿದ್ದ ಪತ್ರಿಕೆಯ ಫೋಟೋಗ್ರಾಫರ್ ಒಬ್ಬ ಹಿಂದೆ ಹಿಂದೆ ಬರುತ್ತಿದ್ದ.

ಕೊನೆಗೆ ಬಂದದ್ದು ಒಂದು ಕೊಳ. ಸುತ್ತ ಎಳೆ ಹುಲ್ಲು, ನಡುವೆ ತಾವರೆ, ಚಿಮ್ಮುವ ಕಾರಂಜಿ, ಕನ್ನಡಿಯಂಥ ನೀರು.

"ಫ್ಯಾಕ್ಟರಿಯಿಂದ ಹೊರಬಿದ್ದ ನೀರು ಸರ್! ಶುದ್ಧ ಮಾಡಿ ಇಲ್ಲಿ ಬಿಡುತ್ತೇವೆ. ಒಂದು ತೊಟ್ಟೂ ನಾಲಾಕ್ಕೆ ಹೋಗುವುದಿಲ್ಲ."

ಭೀಮರಾಯರಿಗೆ ಆಗ ತಮ್ಮ ಕೆಲಸ ನೆನಪಾಯಿತು. ಹರಕು ಹಿಂದಿಯಲ್ಲಿ ಕೇಳಿದರು: "ಮತ್ತ ನಮ್ಮ ನಾಲಾ ಕೇಸರಿ ಯಾಕ ಆಗೇತ್ರಿ?"

ಮ್ಯಾನೇಜರು ನಕ್ಕರು. "ಆಚೆಯ ಬಿಲ್ಡಿಂಗಿನವರು ಹೋಳಿಯಾಡುತ್ತಾರೆ ಸರ್, ವರ್ಷವಿಡೀ. ಅಜ್ಞಾನಿಗಳು. ನಾವು ಪೂರಾ ಹಸಿರು. ಅದಕ್ಕೇ ಅಲ್ಲವೇ ನಿಮ್ಮ ಫಂಡು ನಮ್ಮ ಕಂಪನಿಯಲ್ಲಿ ಹಣ ಹಾಕಿದ್ದು?"

"ಯಾವ ಫಂಡು?"

"ನಿಮ್ಮ ತಲೆಯ ಮೇಲಿರುವುದು ಸರ್."

ಭೀಮರಾಯರು ಟೋಪಿ ತೆಗೆದು ನೋಡಿ ಮತ್ತೆ ತಲೆಗಿಟ್ಟರು. ಎಲೆ ಇತ್ತು, ಹೆಸರಿತ್ತು. ತಮ್ಮ ಬೋನಸ್ಸು ಗ್ರಾಂಟ್ ರೋಡಿನಿಂದ ಹೊರಟು, ಊರೆಲ್ಲ ಸುತ್ತಿ, ತಮ್ಮದೇ ಅಡುಗೆಮನೆಯ ಹಿಂದೆ ಬಂದು, ಬಣ್ಣದ ನೀರಾಗಿ ಹರಿಯುತ್ತಿದೆ. ದಾನವ್ವ ಕೆಮ್ಮುತ್ತಿರುವುದು ತಮ್ಮ ಖರ್ಚಿನಲ್ಲಿ! "ಶಿವಾ!" ಎನ್ನುತ್ತ ಒಂದು ಹೆಜ್ಜೆ ಹಿಂದೆ ಸರಿದರು.

ಹಿಂದೆ ಹುಲ್ಲಿತ್ತು. ಹುಲ್ಲಿನ ಕೆಳಗೆ ನೆಲವಿರಲಿಲ್ಲ.

ಕೊಳ ಚೆಂದ ಕಾಣಲೆಂದು ಡೆಕೊರೇಟರಿನ ಆಳುಗಳು ಪ್ಲಾಸ್ಟಿಕ್ಕಿನ ಹುಲ್ಲುಹಾಸನ್ನು ಅಂಚು ದಾಟಿಸಿ ನೀರಿನ ಮೇಲೂ ಮೊಳದಷ್ಟು ಎಳೆದಿದ್ದರು. ಭೀಮರಾಯರು ಶಾಲು, ತೆಂಗಿನಕಾಯಿ, ಟೋಪಿ ಸಮೇತ ಮಾಯವಾದರು. ಕೊಳದಲ್ಲಿ ಮೇಲಿದ್ದದ್ದು ಅಂದು ಬೆಳಿಗ್ಗೆ ಟ್ಯಾಂಕರಿನಿಂದ ತುಂಬಿಸಿದ ನೀರು. ತಳದಲ್ಲಿದ್ದದ್ದು ವರ್ಷಗಳಿಂದ ಕೂತಿದ್ದ ಬಣ್ಣದ ಗಸಿ. ಭೀಮರಾಯರು ಕೈಕಾಲು ಬಡಿದು ಅದನ್ನು ಚೆನ್ನಾಗಿ ಕದಡಿದರು.

ಸರಿಯಾಗಿ ಆ ಹೊತ್ತಿಗೆ ಹೊರಗೆ ಫಂಡಿನ ನಿಜವಾದ ಕಾರು ಬಂತು. ಒಳಗಿದ್ದವರು ಮೋಹಿನಿ ಮೇಡಂ, ಮಂಗಳೂರಿನವರು, ಫಂಡಿನ ದೊಡ್ಡ ಅಧಿಕಾರಿ. ವಾಚ್‌ಮನ್ ಗಾಬರಿಯಾಗಿ ದೊಡ್ಡ ಗೇಟನ್ನೇ ತೆರೆದ. ಕಾರಿನ ಹಿಂದೆ ಈರಣ್ಣ ನುಗ್ಗಿದ, ಲಟ್ಟಣಿಗೆಗಳು ನುಗ್ಗಿದವು, ದಾನವ್ವ ಕೋಲಿನಿಂದ ವಾಚ್‌ಮನ್ನನ ಹೊಟ್ಟೆಗೆ ತಿವಿದು ನುಗ್ಗಿದಳು. "ಎಲ್ಲಿ ಅದಾನ ಆ ತೆಂಗಿನಕಾಯಿ ಸಾಹೇಬ?" ಎನ್ನುತ್ತ ಎಲ್ಲರೂ ಕೊಳದ ದಂಡೆಗೆ ಬಂದು ನಿಂತರು.

ಕಾರಂಜಿಯ ಪಕ್ಕದಿಂದ ಭೀಮರಾಯರು ಎದ್ದರು. ಅಂಗಿ ಹಸಿರು, ಪಂಚೆ ಹಸಿರು, ಮುಖ ಹಸಿರು, ಮೀಸೆ ಹಸಿರು. ಟೋಪಿ ಯಾವುದು ತಲೆ ಯಾವುದು ಗುರುತಾಗದಷ್ಟು ಹಸಿರು. ಬೆಳ್ಳಗೆ ಉಳಿದಿದ್ದದ್ದು ಎರಡು ಕಣ್ಣು ಮಾತ್ರ. ಅವು ಪಿಳಿಪಿಳಿ ಅಂದವು.

ಮುಂದಿದ್ದವರು ಹಿಂದಿದ್ದವರ ಕಾಲು ತುಳಿದು ಹಿಂದೆ ಸರಿದರು.

"ಅಯ್ಯ ನನ ಶಿವನ!" ಎಂದಳು ದಾನವ್ವ. "ಹೋಗೂವಾಗ ಮನಿಷ್ಯಾ ಇದ್ದ, ಗಿಣಿ ಆಗಿ ಬಂದಾನ!"

ಫೋಟೋಗ್ರಾಫರನ ಕ್ಯಾಮರಾ ಮಾತ್ರ ಟಪಟಪನೆ ಕೆಲಸ ಮಾಡಿತು. ಮೋಹಿನಿ ಮೇಡಂ ಮ್ಯಾನೇಜರ ಕಡೆ ತಿರುಗಿ, "ಯಾರು ಇವರು?" ಎಂದರು. "ನಿಮ್ಮವರೇ ಮೇಡಂ," ಎಂದರು ಮ್ಯಾನೇಜರು ಅಳುದನಿಯಲ್ಲಿ. "ನಮ್ಮವರಲ್ಲ!" "ಹೌದ್ರಿ," ಎಂದರು ಭೀಮರಾಯರು ಕೊಳದೊಳಗಿನಿಂದ, ಬಾಯಲ್ಲಿದ್ದ ನೀರನ್ನು ಉಗುಳಿ, "ನಿಮ್ಮ ಪಾಲುದಾರ ರೀ ನಾ. ಹೀಂಗ ಆಗತೈತಿ ಅಂತ ಕರಪತ್ರದಾಗ ಬರದಿರಲಿಲ್ಲ."

ಶೈಲಾ ಓಡಿ ಬಂದು ಕೈಕೊಟ್ಟು ಎಳೆದಳು. ಅವಳ ಕೈಯೂ ಹಸಿರಾಯಿತು. ಮೋರ್ಚಾಕ್ಕೆ ಸತ್ಯ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಟೋಪಿ ನೋಡಿ ಮೋಸಹೋದೆನೆಂದು ಮ್ಯಾನೇಜರೇ ಗೋಳಿಡುತ್ತಿದ್ದರು, ಕೊಳದ ನೀರು ಕಣ್ಣೆದುರಿಗೇ ಇತ್ತು. ಈರಣ್ಣ ಭೀಮರಾಯರನ್ನು ಹೆಗಲ ಮೇಲೆ ಹೊತ್ತು ಹೊರಗೆ ತಂದ. ದಾರಿಯುದ್ದಕ್ಕೂ ಘೋಷಣೆ ಬದಲಾಗಿತ್ತು: "ಭೀಮರಾವ್ ಆಗೇ ಬಢೋ!"

ಮರುದಿನ ಚಿತ್ರ ಪತ್ರಿಕೆಯಲ್ಲಿ ಬಂತು, ಸಂಜೆಯೊಳಗೆ ಮುಂಬಯಿಯ ಎಲ್ಲ ಫೋನುಗಳಲ್ಲಿ ಬಂತು. ಮಾಲಿನ್ಯ ತಪಾಸಣೆಯ ಅಧಿಕಾರಿಗಳಿಗೆ ಅಷ್ಟು ಕಾಲ ಸಿಗದ ಭಾಂಡುಪಿನ ದಾರಿ ಒಮ್ಮೆಲೇ ಸಿಕ್ಕಿತು.

ಬಣ್ಣ ಮಾತ್ರ ಹೋಗಲಿಲ್ಲ. ಶೈಲಾ ಕಡಲೆಹಿಟ್ಟು ಹಚ್ಚಿದಳು, ಹುಣಸೆಹುಳಿ ಹಚ್ಚಿದಳು, ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದಳು, ಕೊನೆಗೆ ಪಾತ್ರೆ ತಿಕ್ಕುವ ಜುಂಗನ್ನೇ ಹಿಡಿದಳು. ಭೀಮರಾಯರ ಕೂಗು ನಾಲ್ಕನೆಯ ಮಹಡಿಗೆ ಕೇಳಿತು, ಹಸಿರು ಇನ್ನಷ್ಟು ಹೊಳೆಯಿತು. ಡಾಕ್ಟರು ನೋಡಿ, "ಅಪಾಯವಿಲ್ಲ, ಚರ್ಮ ಬದಲಾದಂತೆ ಹೋಗುತ್ತದೆ," ಎಂದರು. ಹೋಗುವಾಗ ಒಂದು ಸೆಲ್ಫಿ ತೆಗೆದುಕೊಂಡರು. ಲೋಕಲಿನಲ್ಲಿ ಭೀಮರಾಯರು ಹತ್ತಿದೊಡನೆ ಬೆಂಚಿಗೆ ಬೆಂಚೇ ತೆರವಾಗತೊಡಗಿತು. ಅವರು ಕಿಟಕಿಯ ಪಕ್ಕ ಕಾಲು ಚಾಚಿ ಕೂತು, ಗಾಳಿ ಕುಡಿಯುತ್ತ, ಗಾಡಿ ಬದಲಿಸುವ ದಾದರಿನ ತನಕ ಹೋದರು. ವಾಯರ್ ಅಂಗಡಿಯ ಶೇಟಜಿ ಅವರನ್ನು ಒಳಗಿನ ಮೂಲೆಯಿಂದ ತೆಗೆದು ಗಲ್ಲಾಪೆಟ್ಟಿಗೆಯ ಪಕ್ಕ ಕೂರಿಸಿದರು. ನೋಡಲು ಬಂದವರು ನಾಚಿಕೆಗಾದರೂ ಒಂದು ಬಲ್ಬು ಕೊಂಡು ಹೋಗುತ್ತಿದ್ದರು.

ಹೋಟೆಲಿನಲ್ಲಿ ಸೃಜನ್ ಅವರನ್ನು ನೋಡಿ ಬೇಸಿನ್ನಿನ ಹಿಂದೆ ಅಡಗಿದ.

"ಹೊರಗ ಬಾರಪಾ, ಹೊಡಿಯಂಗಿಲ್ಲ," ಎಂದರು ಭೀಮರಾಯರು. "ಎಲ್ಲ ಹಸಿರೇ ಅಂದಿದ್ದಿ. ಖರೇನೇ ಆತು."

"ದೇವರಾಣೆ ನಂಗೆ ಗೊತ್ತಿರ್ಲಿಲ್ಲ ಸಾರ್. ನಾನೂ ನಿಮ್ಮ ಹಾಗೆ ಜಿಂಕೆ ನೋಡಿದ್ದು ಮಾತ್ರ." ಹುಡುಗನ ಕಣ್ಣಲ್ಲಿ ನೀರಿತ್ತು. "ಗೋರೆಗಾಂವಿನಲ್ಲಿ ಫಂಡಿನ ಸಭೆ ಉಂಟು. ಹಣ ಹಾಕಿದವರೆಲ್ಲ ಬರ್ತಾರೆ. ನೀವೂ ಬನ್ನಿ, ನಾನೇ ಕರ್ಕೊಂಡು ಹೋಗ್ತೇನೆ. ಕೇಳಿ ಅವರನ್ನ."

ಭೀಮರಾಯರಿಗೆ ಹೋಗುವ ಮನಸ್ಸಿರಲಿಲ್ಲ. "ದೊಡ್ಡ ಮಂದಿ, ಇಂಗ್ಲೀಷು, ನನಗ್ಯಾಕ," ಎಂದರು ಮನೆಯಲ್ಲಿ. ಶೈಲಾ ಸೊಂಟಕ್ಕೆ ಕೈಯಿಟ್ಟಳು. "ಗೇಟಿನಾಗ ಈರಣ್ಣನ ಕೊತ್ತಂಬರಿ ಚೀಲ ಕೇಳೂವಾಗ ಭಾರೀ ಧೈರ್ಯ ಇತ್ತಲ್ರೀ? ಈಗ ಹೋಗಿ ಕೇಳ್ರಿ."

ಗೋರೆಗಾಂವಿನ ಸಭಾಂಗಣ ತಂಪಾಗಿತ್ತು, ಮೆತ್ತಗಿತ್ತು. ವೇದಿಕೆಯ ಪರದೆಯ ಮೇಲೆ ಜಿಂಕೆ ಓಡಿತು, ಎಲೆ ಅಲುಗಿತು, ಮೋಹಿನಿ ಮೇಡಂ ಮಾತಾಡಿದರು. ಕೊನೆಗೆ "ಪ್ರಶ್ನೆಗಳಿವೆಯೇ?" ಎಂದರು. ಹಿಂದಿನ ಸಾಲಿನಲ್ಲಿ ಒಂದು ಹಸಿರು ಕೈ ಎದ್ದಿತು. ಸಭಾಂಗಣದ ತಲೆಗಳೆಲ್ಲ ಒಮ್ಮೆಲೇ ತಿರುಗಿದವು. ಯಾರೋ ಕುಡಿಯುತ್ತಿದ್ದ ಕಾಫಿ ಮುಂದಿನವರ ಬೆನ್ನಿಗಾಯಿತು.

"ಮೇಡಮ್ಮಾರ," ಎಂದರು ಭೀಮರಾಯರು. "ನೀವು ಆ ಫ್ಯಾಕ್ಟರಿ ಒಳಗ ಅದಕ್ಕಿಂತ ಮೊದಲ ಯಾವತ್ತರ ಹೋಗಿದ್ರೇನ್ರಿ?"

ಮೋಹಿನಿ ತಡವರಿಸಿದರು. ಅವರೂ ಕನ್ನಡದಲ್ಲಿಯೇ ಉತ್ತರಿಸಿದರು. "ಕಂಪನಿಯವರು ಕಳಿಸಿದ ವರದಿ ನೋಡಿದ್ದೆವು. ದೊಡ್ಡ ವರದಿ ಉಂಟು."

"ವರದಿ ಯಾ ಬಣ್ಣದ್ದಿತ್ರಿ?"

"...ಹಸಿರು."

ಕನ್ನಡ ಬಲ್ಲವರು ನಕ್ಕರು. ಅವರು ಪಕ್ಕದವರಿಗೆ ಹೇಳಿದರು, ನಗು ಸಾಲಿನಿಂದ ಸಾಲಿಗೆ ಹರಿಯಿತು.

"ಈಗ ಆ ಕಂಪನಿಯ ಮೇಲೆ ನಿಗಾ ಇಟ್ಟಿದ್ದೇವೆ," ಎಂದರು ಮೋಹಿನಿ.

"ನಿಗಾ ನಮ್ಮ ಮನಿಯಾಕಿ ಅಡುಗಿಮನಿ ಕಿಟಕಿಯಿಂದ ಯಾವಾಗಿಂದನೋ ಇಟ್ಟಾಳ್ರಿ. ಅದರಿಂದ ನಾಲಾಕ್ಕ ಏನೂ ಆಗಿಲ್ಲ."

ಈಗ ಮುಂದಿನ ಸಾಲಿನ ಗುಜರಾತಿ ಮುದುಕರೊಬ್ಬರು 'ಉಳಿದ ಕಂಪನಿಗಳನ್ನು ಯಾರು ಹೋಗಿ ನೋಡಿದ್ದಾರೆ' ಎಂದು ಎದ್ದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಸಭೆ ಸಂತೆಯಾಯಿತು. ಮೋಹಿನಿ ಮೈಕು ಕೆಳಗಿಟ್ಟು ವೇದಿಕೆಯಿಂದ ಇಳಿದು ಭೀಮರಾಯರ ಬಳಿ ಬಂದರು.

"ಸತ್ಯ ಹೇಳ್ತೇನೆ," ಎಂದರು ಮೆಲ್ಲಗೆ. "ಅವತ್ತು ನೀವು ಬೀಳದೇ ಇದ್ದಿದ್ದರೆ ನಾನೂ ಆ ಹುಲ್ಲಿನ ಹತ್ರ ನಿಂತು ಫೋಟೋ ತೆಗೆಸಿಕೊಂಡು ಬರ್ತಿದ್ದೆ."

"ಬೀಳತಿದ್ರಿ," ಎಂದರು ಭೀಮರಾಯರು ಕನಿಕರದಿಂದ. "ಸೀರಿ ಹಾಳಾಗತಿತ್ತು."

ಇಬ್ಬರೂ ನಕ್ಕುಬಿಟ್ಟರು. ವಾರದೊಳಗೆ ಫಂಡು ಆ ಕಂಪನಿಯಿಂದ ಹಣ ಹಿಂದಕ್ಕೆ ತೆಗೆಯಿತು. ಭೀಮರಾಯರು ಫಂಡಿನಿಂದ ತಮ್ಮ ಹಣ ಹಿಂದಕ್ಕೆ ತೆಗೆದರು. ತಪಾಸಣೆಯವರು ಬಾಗಿಲು ಮುಚ್ಚಿಸಿದ್ದ ಫ್ಯಾಕ್ಟರಿ, ನೀರು ಶುದ್ಧ ಮಾಡುವ ನಿಜವಾದ ಯಂತ್ರ ಕೂರಿಸಿದ ಮೇಲೆಯೇ ಮತ್ತೆ ತೆರೆಯಿತು. ಒಂದು ಬೆಳಿಗ್ಗೆ ಈರಣ್ಣ ಕಿಟಕಿಯಿಂದ ನೋಡಿ, ಬನಿಯನ್ನಿನಲ್ಲಿಯೇ ಮೆಟ್ಟಿಲಿಳಿದು ಓಡಿ, ಮನೆ ಮನೆಯ ಬಾಗಿಲು ಬಡಿದ.

"ನಾಲಾ ಕರ್ರಗಾತು! ನಾಲಾ ಕರ್ರಗಾತು!"

ಎಲ್ಲರೂ ಕಿಟಕಿಗೆ ಓಡಿದರು. ಹೌದು, ಗುಲಾಬಿಯಿಲ್ಲ, ಕೇಸರಿಯಿಲ್ಲ. ಮುಂಬಯಿಯ ಎಲ್ಲ ಮರ್ಯಾದಸ್ಥ ನಾಲಾಗಳಂತೆ ಅದೂ ಅಪ್ಪಟ ಕಪ್ಪಾಗಿ ಹರಿಯುತ್ತಿತ್ತು. ಈರಣ್ಣ ಪೇಢಾ ಹಂಚಿದ. ದಾನವ್ವ ಎರಡು ತಿಂದಳು, ಕೆಮ್ಮದೆ.

ಹೊಸ ಹಂಗಾಮಿಗೆ, ಭೀಮರಾಯರ ಮೈಬಣ್ಣ ಮೊದಲಿನಂತಾದ ಮೇಲೆ, ಸೃಜನ್ ಮತ್ತೆ ಬೇರೆ ಫಂಡಿನ ಕರಪತ್ರ ಹಿಡಿದು ಬಂದ. ಈ ಸಲ ಭೀಮರಾಯರು ಚಿತ್ರ ನೋಡಲಿಲ್ಲ. ರೂಪಾಲಿಯ ಫೋನಿನಲ್ಲಿ ಒಳಗಿನ ಕಂಪನಿಗಳ ಹೆಸರು ತೆಗೆಸಿದರು. "ಮುಂಬಯಿ ಸುತ್ತಮುತ್ತ ಇರೂವನ್ನ ನಾ ಹೋಗಿ ನೋಡತೀನಿ. ಆಮ್ಯಾಲ ರೊಕ್ಕ." ಸೃಜನ್ ಹಣೆ ಚಚ್ಚಿಕೊಂಡ. ಶೈಲಾ ಮಾತ್ರ ಇದಕ್ಕೆ ಒಪ್ಪಿದಳು. ಮದುವೆಯಾದಾಗಿನಿಂದ ಗಂಡ ಅವಳನ್ನು ಎಲ್ಲಿಗೂ ಸುತ್ತಾಡಲು ಕರೆದೊಯ್ದಿರಲಿಲ್ಲ.

ಮೊದಲ ಸವಾರಿ ಗೋರೆಗಾಂವಿನ ಒಂದು ಸೌರ ದೀಪದ ಕಂಪನಿಗೆ ಹೊರಟಿತು. ಶೈಲಾ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಕಟ್ಟಿಕೊಂಡಳು. ರೂಪಾಲಿ ರಜೆಯ ದಿನ ಹಾಳಾಯಿತೆಂದು ಗೊಣಗುತ್ತಲೇ ಹೊಸ ಚೂಡಿದಾರ ಹಾಕಿಕೊಂಡಳು. ದಾನವ್ವನನ್ನು ಯಾರೂ ಕರೆದಿರಲಿಲ್ಲ, ಆದ್ದರಿಂದ ಅವಳು ಎಲ್ಲರಿಗಿಂತ ಮೊದಲು ಗೇಟಿನಲ್ಲಿ ನಿಂತಿದ್ದಳು, ಇಳಕಲ್ ಸೀರೆ ಉಟ್ಟು.

ಕಂಪನಿಯ ಬಾಗಿಲಲ್ಲಿ ವಾಚ್‌ಮನ್ ತಡೆದ. ಹಿಂದಿಯಲ್ಲಿ, ಯಾರು, ಏನು ಕೆಲಸ ಎಂದು ಕೇಳಿದ. ಭೀಮರಾಯರು ಫಂಡು, ಹೂಡಿಕೆ, ಪರಿಸರ ಎಂದು ಹಿಂದಿಯಲ್ಲಿ ಒದ್ದಾಡುತ್ತಿರುವಾಗ ದಾನವ್ವ ಅವರನ್ನು ಪಕ್ಕಕ್ಕೆ ಸರಿಸಿದಳು.

"ಅರೆ ಬಾಬಾ," ಎಂದಳು ತನ್ನ ಹಿಂದಿಯಲ್ಲಿ, "ಲಡಕಿ ದೇನೇ ಕೆ ಪಹಲೇ ಘರ್ ನೈ ದೇಖನಾ ಕ್ಯಾ?"

ಹೆಣ್ಣು ಕೊಡುವ ಮೊದಲು ಮನೆ ನೋಡುವುದಿಲ್ಲವೇ, ರೊಕ್ಕದ ಮಾತೂ ಹಾಗೆಯೇ ಎಂಬುದು ಅವಳ ಭಾವ. ಅರ್ಧ ಭಾವ ಅವಳ ಹೊಟ್ಟೆಯಲ್ಲಿಯೇ ಉಳಿಯಿತು. ವಾಚ್‌ಮನ್ ಹೊಸ ಚೂಡಿದಾರದ ರೂಪಾಲಿಯನ್ನು ನೋಡಿದ, ಇಳಕಲ್ ಸೀರೆ ನೋಡಿದ, ರೊಟ್ಟಿಯ ಗಂಟು ನೋಡಿದ. ಅವನ ಮುಖ ಬೆಳಗಿತು. ಎಲ್ಲರನ್ನೂ ಕುರ್ಚಿ ಹಾಕಿ ಕೂರಿಸಿದ, ಚಹಾಕ್ಕೆ ಹೇಳಿದ, ಫೋನು ಎತ್ತಿ, ಹೆಣ್ಣಿನ ಕಡೆಯವರೇ ಬಂದಿದ್ದಾರೆಂಬ ಸಂಭ್ರಮದಲ್ಲಿ ಒಳಗೆ ಪಿಸುಗುಟ್ಟಿದ.

"ಸಾಹೇಬ್, ಆಪ್ ಕೇ ಲಿಯೇ ರಿಶ್ತೇವಾಲೇ ಆಯೇ ಹೈಂ."

ಮೇಲಿನ ಮಹಡಿಯಲ್ಲಿ, ಇನ್ನೂ ಮದುವೆಯಾಗದ ಮ್ಯಾನೇಜರು ಫೈಲು ಮುಚ್ಚಿ, ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡು, ಅವಸರವಸರವಾಗಿ ತಲೆ ಬಾಚಿಕೊಳ್ಳತೊಡಗಿದರು.